ಮೀಸೆಯೂ ಇರಲಿಲ್ಲ

ಆ ನಟ ತೀರಿಕೊಂಡ ಸುದ್ದಿಯನ್ನು ನಾನು ಮೊದಲು ನಂಬಲಿಲ್ಲ. ವಾಟ್ಸಾಪಿನಲ್ಲಿ ಅವರನ್ನು ಅದಕ್ಕೂ ಮೊದಲು ಎರಡು ಸಲ ಸಾಯಿಸಿದ್ದರು. ಎರಡು ಸಲವೂ ನಮ್ಮ ಬೀದಿಯಲ್ಲಿ ನಂಬದೇ ಉಳಿದವನು ನಾನೊಬ್ಬನೇ. ಹಾಗಾಗಿ ಮೂರನೆಯ ಸಲ, ಮೇಲಿನ ಬಾಡಿಗೆ ಮನೆಯ ಹೆಂಗಸು ಮೆಟ್ಟಿಲ ಮೇಲೇ ಕುಳಿತು ಅಳುತ್ತಿದ್ದಾಗ, "ಯಾರೋ ಕಿತಾಪತಿ ಮಾಡಿರ್ತಾರೆ, ಒಳಗೆ ಹೋಗಮ್ಮ" ಎಂದು ಗದರಿಸಿದೆ. ಟೀವಿ ಹಾಕಿದರೆ ಎಲ್ಲ ಚಾನೆಲ್ಲಿನಲ್ಲೂ ಅದೇ. ಟೀವಿಯವರನ್ನೂ ನಾನು ಪೂರ್ತಿ ನಂಬುವವನಲ್ಲ. ಬೀದಿ ಕೊನೆಯ ಬೇಕರಿಯವನು ಶಟರ್ ಎಳೆಯುವುದನ್ನು ಕಣ್ಣಾರೆ ಕಂಡ ಮೇಲೆ ಒಪ್ಪಿಕೊಂಡೆ. ಆ ಮನುಷ್ಯ ವ್ಯಾಪಾರ ಬಿಟ್ಟು ಬಾಗಿಲು ಹಾಕಬೇಕಾದರೆ ಸುದ್ದಿ ನಿಜವೇ ಇರಬೇಕು.

ನನ್ನ ಸ್ವಭಾವವೇ ಅಂಥದ್ದು. ಹೊಸಕೆರೆಹಳ್ಳಿ ನಿಜವಾಗಿಯೂ ಹಳ್ಳಿಯಾಗಿದ್ದಾಗ ಹುಟ್ಟಿದವನು ನಾನು. ನಮ್ಮ ರಾಗಿ ಹೊಲ ಸೈಟುಗಳಾಗುತ್ತಿದ್ದ ಕಾಲದಲ್ಲಿ ನಗುನಗುತ್ತಾ ಮನೆಗೆ ಬಂದವರೆಲ್ಲ ಕೈಯಲ್ಲಿ ಒಂದು ಕಾಗದ ಹಿಡಿದೇ ಬರುತ್ತಿದ್ದರು. ಅಂದಿನಿಂದ ಯಾರು ನಕ್ಕರೂ ಅವರ ಕೈ ನೋಡುತ್ತೇನೆ, ಅತ್ತರೂ ಕೈ ನೋಡುತ್ತೇನೆ. ಆ ದಿನ ಅಳುತ್ತಿದ್ದವರ ಕೈಯಲ್ಲೆಲ್ಲ ಫೋನಿತ್ತು.

ಸಂಜೆಯ ಹೊತ್ತಿಗೆ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಮೇಲೆ ನಟನ ದೊಡ್ಡ ಮುಖ, ಕೆಳಗೆ ಶ್ರದ್ಧಾಂಜಲಿ ಸಲ್ಲಿಸುವವರ ಸಣ್ಣ ಸಣ್ಣ ಮುಖಗಳು. ಒಬ್ಬ ಕೂಲಿಂಗ್ ಗ್ಲಾಸ್ ಹಾಕಿಕೊಂಡೇ ದುಃಖಿಸುತ್ತಿದ್ದ. ಮುಂದಿನ ಸಲ ಕಾರ್ಪೊರೇಷನ್ ಚುನಾವಣೆಗೆ ನಿಲ್ಲಲು ಓಡಾಡುತ್ತಿದ್ದವನೊಬ್ಬ ಕೈಮುಗಿದು ನಗುತ್ತಿದ್ದ. ಸತ್ತವರಿಗಿಂತ ಅತ್ತವರಿಗೇ ಜಾಗ ಹೆಚ್ಚು ಎಂದುಕೊಂಡು ಮನೆಗೆ ಬಂದೆ.

ಅದು ಶುಕ್ರವಾರ. ಭಾನುವಾರ ಬೆಳಗ್ಗೆ ಏಳಕ್ಕೇ ಬೈಕ್ ತೆಗೆದುಕೊಂಡು ಹೋಗಿದ್ದ ಮಗ ಮಧ್ಯಾಹ್ನ ಮೂರಕ್ಕೆ ಬಂದು ಹೆಲ್ಮೆಟ್ ತೆಗೆದ. ತಲೆ ಬೋಳು.

"ಏನೋ ಇದು?"

"ಮಾಡಿಸ್ಕೊಂಡೆ."

"ಯಾರಿಗೋ?"

ಅವನು ಗೋಡೆಯ ಕಡೆ ನೋಡಿ, "ತುಂಬಾ ಜನ ಮಾಡಿಸ್ಕೊಂಡ್ರಲ್ಲಪ್ಪ" ಎಂದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡ.

ತಲೆ ಒಂದೇ ಆಗಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೀಸೆಯೂ ಇರಲಿಲ್ಲ. ನಮ್ಮ ಕಡೆ ತಲೆ ಮಾತ್ರ ಬೋಳಾಗಿದ್ದರೆ ತಿರುಪತಿಗೆ ಹೋಗಿದ್ದಾನೆ ಅಂದುಕೊಳ್ಳುತ್ತಾರೆ. ಜೊತೆಗೆ ಮೀಸೆಯೂ ಹೋಗಿದ್ದರೆ ಅವನ ಮನೆಯಲ್ಲಿ ಒಬ್ಬರು ಹೋಗಿದ್ದಾರೆ ಎಂದೇ ಅರ್ಥ. ಮಗ ಅದನ್ನು ಮಾಡುವುದು ತಂದೆಗೆ, ಇಲ್ಲವೇ ತಾಯಿಗೆ. ಮನೆಯಲ್ಲಿ ಇದ್ದವರು ನಾನು, ಮಗ ಇಬ್ಬರೇ, ಅದರಲ್ಲಿ ತಂದೆಯಾದ ನಾನು ಗಟ್ಟಿಯಾಗಿಯೇ ಇದ್ದೆ.

ತಾಯಿಯ ಮಾತು ಎತ್ತಿದರೆ ನನ್ನ ಹೊಟ್ಟೆ ಉರಿಯುತ್ತಿತ್ತು. ನನ್ನ ಹೆಂಡತಿ ಹೋಗಿ ಆಗ ಮೂರು ವರ್ಷ. ಕ್ಯಾನ್ಸರ್. ಔಷಧಿಗೆ ಅವಳ ಕೂದಲೆಲ್ಲ ಉದುರಿತ್ತು. ಮನೆಗೆ ಯಾರಾದರೂ ಬಂದರೆ ತಲೆಗೆ ಸೆರಗು ಹೊದ್ದುಕೋ ಎಂದು ನಾನೇ ಹೇಳಿದ್ದೆ, ಅವಳ ಒಳ್ಳೆಯದಕ್ಕೇ ಹೇಳಿದ್ದೆ. ಅವಳು ತೀರಿಕೊಂಡಾಗ ಇರುವ ಒಬ್ಬನೇ ಮಗ ತಲೆ ಬೋಳಿಸಿಕೊಳ್ಳಲಿಲ್ಲ. "ಬೇಡಪ್ಪ" ಎಂದ, ಅಷ್ಟೇ. ಕಾರಣ ಹೇಳಲಿಲ್ಲ. ಒಂದು ತೊಟ್ಟು ಕಣ್ಣೀರೂ ಹಾಕಲಿಲ್ಲ. ನೆಂಟರು ನನ್ನ ಮುಖ ನೋಡಿದರು. ಅವನು ಬಿಟಿಎಂ ಲೇಔಟಿನ ಬೈಕ್ ಶೋರೂಮಿನಲ್ಲಿ ಸೇಲ್ಸ್ ಕೆಲಸಕ್ಕಿದ್ದ. "ಗಿರಾಕಿಗಳ ಮುಂದೆ ನಿಲ್ಲೋ ಕೆಲಸ, ಅಲ್ಲಿ ಒಪ್ಪಲ್ವಂತೆ" ಎಂದು ಹೇಳಿ ಅವರ ಬಾಯಿ ಮುಚ್ಚಿಸಿದೆ. ಮನಸ್ಸಿನಲ್ಲಿ ಮಾತ್ರ ಅವನನ್ನು ಕ್ಷಮಿಸಲಿಲ್ಲ.

ಈಗ ಅದೇ ಶೋರೂಮಿಗೆ ಅದೇ ಮಗ ಬೋಳು ತಲೆಯಲ್ಲಿ ಹೋಗುತ್ತಿದ್ದ. ಹೆತ್ತವಳಿಗೆ ಕೊಡದ ಕೂದಲನ್ನು, ಇವನ ಮುಖವನ್ನೇ ನೋಡಿರದ ಒಬ್ಬರಿಗೆ ಕೊಟ್ಟಿದ್ದ.

ಆ ವಾರ ನಾನು ಅನುಭವಿಸಿದ್ದು ಅಷ್ಟಿಷ್ಟಲ್ಲ. ಅಂಗಡಿಯವರು, ಹಾಲಿನವರು, ಪಾರ್ಕಿನಲ್ಲಿ ಬರೀ ಮುಖ ಪರಿಚಯವಿದ್ದವರು, ಎಲ್ಲರದೂ ಒಂದೇ ಪ್ರಶ್ನೆ: "ಮಗ ತಲೆ ಬೋಳಿಸಿದಾನಲ್ಲ, ಯಾರು ಹೋದ್ರು?" "ಯಾರೂ ಇಲ್ಲ, ಸಿನಿಮಾದವರು" ಎಂದು ಹೇಳಿ ಹೇಳಿ ನಾಲಿಗೆ ಕಹಿಯಾಯಿತು. ಬುಧವಾರ ಇನ್ನೂ ಚೆನ್ನಾಗಿತ್ತು. ಇಟ್ಟಮಡುವಿನಲ್ಲಿರುವ ನನ್ನ ಹಳೆಯ ಸ್ನೇಹಿತ ಎಲ್ಲೋ ದಾರಿಯಲ್ಲಿ ಹೆಲ್ಮೆಟ್ ತೆಗೆದು ನಿಂತಿದ್ದ ಮಗನನ್ನು ಸಿಗ್ನಲ್ಲಿನ ಆಚೆ ಬದಿಯಿಂದ ನೋಡಿದ್ದನಂತೆ. ಮಧ್ಯಾಹ್ನ ಬಾಗಿಲು ಬಡಿದ ಸದ್ದಾಯಿತು. ತೆಗೆದರೆ ಅವನು, ಕೈಯಲ್ಲಿ ಸೇವಂತಿಗೆ ಹಾರ. ನನ್ನನ್ನು ಕಂಡದ್ದೇ ಹಾರವನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

"ಚೆನ್ನಾಗಿದ್ದೀಯಾ?" ಎಂದ.

"ನೀನೇ ಹೇಳು" ಎಂದೆ.

ಪಾಪ, ಕುಳಿತು ಕಾಫಿ ಕುಡಿದ. ಹಾರವನ್ನು ವಾಪಸ್ ಒಯ್ಯುವುದಕ್ಕೂ ಆಗದೆ, ನನಗೆ ಕೊಡುವುದಕ್ಕೂ ಆಗದೆ, ಕೊನೆಗೆ ಎದ್ದು ನನ್ನ ಹೆಂಡತಿಯ ಫೋಟೋಗೆ ಹಾಕಿ ಹೋದ. ಸಂಜೆ ಮಗ ಬಂದು ಆ ಹಾರವನ್ನು ನೋಡುತ್ತಾ ಬಹಳ ಹೊತ್ತು ನಿಂತಿದ್ದ. ಹೊಸ ಹಾರ ಯಾಕೆ ಬಂತು ಎಂದು ಕೇಳಲಿಲ್ಲ.

ಇದರಲ್ಲಿ ಏನೋ ಇದೆ ಎಂದು ನನಗೆ ಗಟ್ಟಿಯಾಗಿ ಅನ್ನಿಸತೊಡಗಿತು. ತಲೆ ಬೋಳಿಸಿಕೊಳ್ಳಲು ಎಂಟು ಗಂಟೆ ಬೇಕೇ? ಆ ಭಾನುವಾರ ಇವನು ಎಲ್ಲಿದ್ದ? ಚುನಾವಣೆಗೆ ನಿಲ್ಲುವವನ ಹಿಂದೆ ಬಿದ್ದಿದ್ದಾನೆ, ಅಭಿಮಾನಿ ಸಂಘದಲ್ಲಿ ಪದಾಧಿಕಾರಿಯಾಗಲು ಹೊರಟಿದ್ದಾನೆ ಎಂದು ಲೆಕ್ಕ ಹಾಕಿದೆ. ಹನ್ನೊಂದನೆಯ ದಿನ ಸಂಘದವರು ಸರ್ಕಲ್ಲಿನಲ್ಲಿ ಶಾಮಿಯಾನ ಹಾಕಿ ಅನ್ನದಾನ ಇಟ್ಟಿದ್ದರು. ಊಟಕ್ಕೆಂದು ಅಲ್ಲ, ಇವನನ್ನು ಹಿಡಿಯುವುದಕ್ಕೆಂದು ಹೋದೆ. ತಲೆ ಬೋಳಿಸಿಕೊಂಡ ಏಳೆಂಟು ಜನ ಬಡಿಸುತ್ತಿದ್ದರು. ಮಗ ಇರಲಿಲ್ಲ. ಸಂಘದ ಅಧ್ಯಕ್ಷನಿಗೆ ಫೋನಿನಲ್ಲಿ ಮಗನ ಫೋಟೋ ತೋರಿಸಿದೆ.

"ಇವ್ರು ನಮ್ಮ ಹುಡುಗ್ರಲ್ಲ ಅಂಕಲ್. ನಾವೆಲ್ಲ ಶನಿವಾರನೇ ಇಲ್ಲೇ ಒಟ್ಟಿಗೆ ಮಾಡಿಸ್ಕೊಂಡ್ವಿ. ಇವ್ರು ಬಂದಿರಲಿಲ್ಲ" ಎಂದ. ಆಮೇಲೆ ಎಲೆ ಹಾಕಿಸಿ, "ಊಟ ಮಾಡ್ಕೊಂಡು ಹೋಗಿ ಅಂಕಲ್" ಎಂದು ಕೈಹಿಡಿದು ಕೂರಿಸಿದ. ಅವನ ಕಣ್ಣು ಹನ್ನೊಂದು ದಿನವಾದರೂ ಕೆಂಪಗೇ ಇತ್ತು. ನಿದ್ದೆಗೆಟ್ಟಿರಬೇಕು ಎಂದುಕೊಂಡೆ.

ಮರುದಿನ ಮಂಗಳವಾರ, ಸೆಲೂನಿಗೆ ರಜ. ಬುಧವಾರ ಬೆಳಗ್ಗೆ, ನಾವಿಬ್ಬರೂ ಹೋಗುವ ಸೆಲೂನಿಗೆ ಗಡ್ಡದ ನೆಪದಲ್ಲಿ ಹೋದೆ. ಸೆಲೂನಿನವನು ನೊರೆ ಹಚ್ಚುತ್ತಲೇ ತಾನಾಗಿ ಶುರು ಮಾಡಿದ.

"ಆವತ್ತು ನಂಗೆ ಭಯ ಆಗ್ಬಿಡ್ತು ಅಣ್ಣ, ನಿಮಗೇ ಏನೋ ಆಯ್ತೇನೋ ಅಂತ. ಶಾಪ್ ತೆಗೆಯೋಕ್ ಮುಂಚೆನೇ ನಿಮ್ಮ ಮಗ ಬಂದು ನಿಂತಿದ್ರು. ಮೀಸೇನೂ ತೆಗಿ ಅಂದ್ರು. ಗುಡಿಸೋಕೆ ಹೋದ್ರೆ ಬೇಡ ಅಂತ ತಾವೇ ಬಗ್ಗಿ ಕೂದಲೆಲ್ಲ ಆಯ್ಕೊಂಡು ಪೇಪರಲ್ಲಿ ಸುತ್ಕೊಂಡು ಹೋದ್ರು."

ಕೂದಲು ಸುತ್ತಿಕೊಂಡು ಹೋದ ಎಂದ ಕೂಡಲೇ ನನ್ನ ತಲೆ ಎಲ್ಲೆಲ್ಲಿಗೋ ಓಡಿತು. ಮಾಟವೋ, ಯಾವ ಜ್ಯೋತಿಷಿಯ ಬಲೆಗೆ ಬಿದ್ದನೋ. ಮಗ ಕೆಲಸಕ್ಕೆ ಹೋದ ಮೇಲೆ ಬೀರು, ಮಂಚದ ಕೆಳಗೆ, ಹಳೆಯ ಬ್ಯಾಗು ಎಲ್ಲ ತಡಕಾಡಿದೆ. ಏನೂ ಸಿಗಲಿಲ್ಲ. ಸಂಜೆ ಊಟಕ್ಕೆ ಕುಳಿತಾಗ ನೇರವಾಗಿ ಕೇಳಿದೆ.

"ಕೂದಲು ಎಲ್ಲೋ?"

ಮುದ್ದೆ ಮುರಿಯುತ್ತಿದ್ದ ಕೈ ನಿಂತಿತು. "ಶ್ರೀರಂಗಪಟ್ಟಣದಲ್ಲಿ ಬಿಟ್ಟೆ, ಹೊಳೇಲಿ."

ಅವನ ತಾಯಿಯ ಅಸ್ಥಿ ಬಿಟ್ಟದ್ದು ಅಲ್ಲಿ. "ಆ ನಟನಿಗೋಸ್ಕರ ಅಲ್ಲಿಗಂಟ ಹೋದ್ಯಾ?"

"ಅವ್ರಿಗಲ್ಲಪ್ಪ. ಅಮ್ಮಂಗೆ."

"ಅಮ್ಮಂಗೆ ಮೂರು ವರ್ಷದ ಹಿಂದೆ ಮಾಡ್ಬೇಕಿತ್ತು. ಆವಾಗ ನಿಂಗೆ ಶೋರೂಂ ದೊಡ್ಡದಾಗಿತ್ತು."

"ಶೋರೂಂ ಅಂತ ನಾನ್ ಯಾವತ್ತು ಅಂದೆ? ನೀನೇ ಎಲ್ರಿಗೂ ಹಂಗಂದೆ. ನಾನು ಸುಮ್ನಿದ್ದೆ."

ಅದು ನಿಜ. ಆ ಕಾರಣ ಹುಟ್ಟಿದ್ದು ನನ್ನ ಬಾಯಲ್ಲಿ. ಮೂರು ವರ್ಷ ಹೇಳಿ ಹೇಳಿ ಅವನೇ ಹೇಳಿದ್ದೆಂದು ನಾನೇ ನಂಬಿಬಿಟ್ಟಿದ್ದೆ.

"ಮತ್ತೆ ಯಾಕೆ ಮಾಡಿಸ್ಕೊಳ್ಳಲಿಲ್ಲ?"

"ಅಮ್ಮ ಬೇಡ ಅಂದಿದ್ಲು." ಅವನು ತಟ್ಟೆಯನ್ನೇ ನೋಡುತ್ತಾ ಹೇಳಿದ. "ಆಸ್ಪತ್ರೇಲಿ ನನ್ ಹತ್ರ ಮಾತು ತಗೊಂಡ್ಲು. 'ಬೋಳು ತಲೆ ನೋಡಕ್ಕೆ ನಿಮ್ಮಪ್ಪಂಗೆ ಆಗಲ್ಲ ಕಣೋ. ನನ್ನದು ನೋಡಿ ನೋಡಿ ಸೋತವ್ರೆ. ನಾನು ಹೋದ್ಮೇಲೆ ನೀನೂ ಹಂಗೆ ಅವರ ಮುಂದೆ ಓಡಾಡ್ಬೇಡ' ಅಂದ್ಲು. ನಿಂಗೆ ಹೇಳ್ಬೇಡ ಅಂತಾನೂ ಅಂದ್ಲು."

ಸೆರಗು ಹೊದ್ದುಕೋ ಎಂದು ನಾನು ಹೇಳುತ್ತಿದ್ದುದು ನೆಂಟರಿಗೋಸ್ಕರ ಎಂದು ಅವಳಿಗೆ ಹೇಳಿದ್ದೆ. ನನಗೂ ಹಾಗೇ ಹೇಳಿಕೊಂಡಿದ್ದೆ. ಯಾರೂ ಬರದ ದಿನಗಳಲ್ಲೂ ಅವಳು ಹೊದ್ದುಕೊಂಡೇ ಇರುತ್ತಿದ್ದಳು. ನೋಡಲಾಗದೆ ಮುಖ ತಿರುಗಿಸುತ್ತಿದ್ದವನು ನಾನು ಎಂದು ಅವಳಿಗೆ ಗೊತ್ತಿತ್ತು. ಸಾಯುವಾಗಲೂ ನನ್ನ ಕಣ್ಣಿಗೆ ಕಷ್ಟವಾಗದಂತೆ ವ್ಯವಸ್ಥೆ ಮಾಡಿ ಹೋಗಿದ್ದಳು.

"ಮತ್ತೆ ಈಗ?" ಎಂದೆ.

"ಎಷ್ಟು ದಿನ ಅಂತ ತಡ್ಕೊಳ್ಳಲಿ? ಆವತ್ತು ಶೋರೂಂನಲ್ಲಿ ಎಲ್ರೂ ಅಳ್ತಿದ್ರು, ನಾನೂ ಅತ್ತೆ. ಅವ್ರ ಸಿನಿಮಾ ಅಂದ್ರೆ ನಂಗೂ ಇಷ್ಟನೇ, ಸುಳ್ಳಲ್ಲ. ಆದ್ರೆ ಅಳ್ತಾ ಅಳ್ತಾ ಅಮ್ಮನೇ ಬಂದ್ಲು. ಯಾಕ್ ಅಳ್ತಿದೀಯ ಅಂತ ಯಾರೂ ಕೇಳಲಿಲ್ಲ ನೋಡು. ತಲೆ ಬೋಳಿಸಿದ್ರೂ ಕೇಳಲ್ಲ ಅನ್ನಿಸ್ತು. ನೀನೂ ಅವ್ರ ಮೇಲೇ ಸಿಟ್ಟಾಗ್ತೀಯ, ಅಮ್ಮ ಹೇಳಿದ್ದು ನಿಂಗೆ ಗೊತ್ತಾಗಲ್ಲ ಅಂದ್ಕೊಂಡೆ."

ಅವನು ಕೈ ತೊಳೆದು ಎದ್ದು ಹೋದ. ನಾನು ಕುಳಿತೇ ಇದ್ದೆ. ಶಾಮಿಯಾನದ ಕೆಳಗೆ ಬಡಿಸುತ್ತಿದ್ದ ಆ ಹುಡುಗರ ನೆನಪಾಯಿತು, ನನ್ನನ್ನು ಕೈಹಿಡಿದು ಕೂರಿಸಿದ ಅಧ್ಯಕ್ಷನ ಕೆಂಪು ಕಣ್ಣೂ. ಅವರು ನಾಟಕ ಮಾಡುತ್ತಿದ್ದಾರೆ ಎಂಬ ಅನುಮಾನ ಹೋಗಿ, ಅವರಲ್ಲಿ ಯಾರು ಯಾರಿಗಾಗಿ ಅಳುತ್ತಿದ್ದರೋ ಎಂಬ ಬೇರೊಂದು ಅನುಮಾನ ಶುರುವಾಯಿತು. ಅದು ಇವತ್ತಿಗೂ ಹೋಗಿಲ್ಲ. ಯಾರಾದರೂ ಹೆಸರುವಾಸಿಯಾದವರು ತೀರಿಕೊಂಡು ಜನ ರಸ್ತೆಯಲ್ಲಿ ಅಳುವುದನ್ನು ಟೀವಿಯಲ್ಲಿ ತೋರಿಸಿದರೆ ಈಗ ನಾನು ಅವರ ಕೈ ನೋಡುವುದಿಲ್ಲ, ಮುಖ ನೋಡುತ್ತೇನೆ.

ಮುಂದಿನ ಭಾನುವಾರ ಬೆಳಗ್ಗೆ ನಾನೇ, "ಬಾರೋ, ಜಯನಗರಕ್ಕೆ ಹೋಗಿ ದೋಸೆ ತಿಂದ್ಕೊಂಡು ಬರೋಣ" ಎಂದೆ. ಅವನು ಟೋಪಿ ಹಾಕಿಕೊಂಡು ಬಂದ. "ತೆಗಿ ಅದನ್ನ" ಎಂದೆ. ತೆಗೆದು ಜೇಬಿಗೆ ಹಾಕಿಕೊಂಡ. ಕೂದಲು ರಾಗಿ ಕಾಳಿನಷ್ಟು ಬಂದಿತ್ತು. ಅದನ್ನು ದಾರಿಯುದ್ದಕ್ಕೂ ಹಿಂದಿನ ಸೀಟಿನಿಂದ ನೋಡುತ್ತಾ ಹೋಗಬಹುದಿತ್ತು, ಹೆಲ್ಮೆಟ್ ಅಡ್ಡ ಬಂತು.

ದರ್ಶಿನಿಯ ಎತ್ತರದ ಟೇಬಲ್ಲಿನ ಮುಂದೆ ನಿಂತು ಕಾಫಿ ಕುಡಿಯುತ್ತಿದ್ದೆವು. ಪಕ್ಕದಲ್ಲಿ ನನ್ನ ವಯಸ್ಸಿನವರೇ ಒಬ್ಬರು, ಪರಿಚಯವಿಲ್ಲದವರು, ಮಗನ ತಲೆಯನ್ನೂ ಮೀಸೆಯಿಲ್ಲದ ಮುಖವನ್ನೂ ನೋಡಿ, ನನ್ನ ಕಡೆ ಬಗ್ಗಿ ಮೆಲ್ಲಗೆ ಕೇಳಿದರು.

"ಯಾರು ಸಾರ್, ಹೋಗಿದ್ದು?"

ಎರಡು ವಾರದಿಂದ ನಾಲಿಗೆಯ ತುದಿಯಲ್ಲೇ ಇದ್ದ ಉತ್ತರ ಬರಲಿಲ್ಲ.

"ಅವರಮ್ಮ" ಎಂದೆ.

"ಅಯ್ಯೋ ಪಾಪ. ಎಷ್ಟು ದಿನ ಆಯ್ತು?"

ಮಗ ಲೋಟ ಕೆಳಗಿಟ್ಟು ನನ್ನನ್ನೇ ನೋಡುತ್ತಿದ್ದ.

"ಇವತ್ತಿಗೆ ಎರಡು ವಾರ" ಎಂದೆ. ಅವನು ತಿದ್ದಲಿಲ್ಲ.