ಸಿರುಗುಪ್ಪದ ಕುರ್ಚಿಯಲ್ಲಿ ಕುರುಗೋಡು

ಹೋದ ವಾರ ಬಳ್ಳಾರಿಯ ಕೌಲ್ ಬಜಾರಿನ ಗುಜರಿ ಅಂಗಡಿ ಮುಂದೆ ಒಂದು ಹಳೇ ಕೀಬೋರ್ಡ್ ಬಿದ್ದಿತ್ತು. ಹಳದಿಗಟ್ಟಿದ ಮೈ, ಅಕ್ಷರ ಅಳಿಸಿದ ಗುಂಡಿಗಳು, ಇಟ್ಟಂಗಿಯಷ್ಟು ಭಾರ. ಎಂಟರ್ ಗುಂಡಿ ಒತ್ತಿ ನೋಡಿದೆ. ಟಕ್ ಅಂತು. ಆ ಸದ್ದಿಗೆ ನಮ್ಮ ಮೇಡಮ್ ನೆನಪಾದರು...

ಎಂಬತ್ತರ ದಶಕದ ಕೊನೆ ಅದು. ಸಿರುಗುಪ್ಪದ ಕಡೆಯ ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಭತ್ತದ ನಾಟಿ ಮಾಡಿ, ಕಾಲು ತೊಳೆದುಕೊಂಡು ಕಾಲೇಜಿಗೆ ಬಸ್ಸು ಹತ್ತಿದವನು. ರೈತರಿಗೆ ಬಿತ್ತನೆ ಬೀಜ ಹಂಚುವ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತ್ತು, ಇನ್ನೂ ಖಾಯಂ ಆಗಿರಲಿಲ್ಲ.

ಅಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್, ಯುನಿಕ್ಸಿನದು. ಅದರಿಂದ ತಂತಿ ಎಳೆದು ಜೋಡಿಸಿದ ನಾಲ್ಕೈದು ಪರದೆಗಳು. ಅದನ್ನೆಲ್ಲ ನೋಡಿಕೊಳ್ಳುತ್ತಿದ್ದ ಮೇಡಮ್ ಒಂದೊಂದಕ್ಕೂ ಒಂದೊಂದು ಊರಿನ ಚೀಟಿ ಅಂಟಿಸಿದ್ದರು: ಸಿರುಗುಪ್ಪ, ಕುರುಗೋಡು, ಮೋಕ... ಯಾವ ಊರಿನ ರೈತರ ಯಾದಿ ಬಡಿಯುತ್ತಿದ್ದೆವೋ ಅದೇ ನಮ್ಮ ಹೆಸರು. ಆದರೆ ಯಂತ್ರಕ್ಕೆ ನಾವೆಲ್ಲ ಒಬ್ಬರೇ. ತಮ್ಮ ಕಚೇರಿಯಲ್ಲಿ ಬೇರೆ ಹೆಸರು ಯಾಕೆ ಬೇಕು ಅಂತ ಸಾಹೇಬರು ಎಲ್ಲರಿಗೂ ತಮ್ಮ ಹೆಸರಿನ ಲಾಗಿನ್ನನ್ನೇ ಕೊಡಿಸಿದ್ದರು!

ಪ್ರೋಗ್ರಾಮ್ ಯಾವುದಾದರೂ ಕೈಕೊಟ್ಟರೆ ಮೇಡಮ್ ಪಿಎಸ್ ಅಂತ ಬಡಿದು, ಓಡುತ್ತಿರುವುದರ ಪಟ್ಟಿ ತೆಗೆದು, ಕೆಟ್ಟದ್ದರ ನಂಬರು ಹುಡುಕಿ ಅದೊಂದನ್ನೇ ಕಿಲ್ ಮಾಡುತ್ತಿದ್ದರು. ನನಗೆ ಕಲಿಸುವಾಗ ಅಂದಿದ್ದರು: "ಬರೇ ಕಿಲ್ ಅಂದ್ರ, ಏಳಪ್ಪಾ ಮನಿಗೆ ಹೋಗು ಅಂದಂಗ. ತನ್ ಗಂಟುಮೂಟಿ ಕಟ್ಕೊಂಡು ಹೋಗ್ತೈತಿ. ಮುಂದ ಒಂಬತ್ತು ಹಚ್ಚಿದ್ರ, ಕೊಳ್ಳಪಟ್ಟಿ ಹಿಡ್ದು ಹೊರಗ ದಬ್ಬಿದಂಗ. ಮೊದ್ಲು ಮರ್ಯಾದಿ ಕೊಡ್ಬೇಕು." ಎಂಟರ್ ಒತ್ತುವ ಮೊದಲು ನಂಬರನ್ನೂ ಊರನ್ನೂ ಜೋರಾಗಿ ಓದಿ, "ಯಾರ್ದಿದು?" ಅಂತ ಕೇಳುವರು. "ನಂದು ಮೇಡಮ್" ಅಂತ ಉತ್ತರ ಬರೋತನಕ ಬೆರಳು ಇಳಿಯುತ್ತಿರಲಿಲ್ಲ.

ಒಂದು ಬೇಸಿಗೆ ಮಧ್ಯಾಹ್ನ ಕುರುಗೋಡಿನವನ ಪ್ರೋಗ್ರಾಮ್ ಗಪ್ಪನೆ ನಿಂತುಬಿಟ್ಟಿತು. ಎಲ್ಲರೂ ಬರೆಯಬೇಕಾದ ಬೀಜದ ಕಡತ ಅದರ ಹಿಡಿತದಲ್ಲಿತ್ತು. ಅದು ಬಿಡೋತನಕ ನಾನು ಬೆಳಗಿನಿಂದ ಕೂತು ಬಡಿದ ಸಿರುಗುಪ್ಪದ ಯಾದಿ ಉಳಿಸುವಂತಿರಲಿಲ್ಲ. ಕರೆಂಟು ಹೋದರೆ ಯಾದಿಯೂ ಹೋಯಿತು, ಯಾದಿ ಹೋದರೆ ನನ್ನ ನೌಕರಿಯೂ ಹೋದಂತೆ. ಸಾಹೇಬರು ಬೆಳಿಗ್ಗೆಯೇ ಹಾಗೆ ಹೇಳಿದ್ದರು.

"ಮೇನ್ ಸ್ವಿಚ್ ಆಫ್ ಮಾಡ್ರಿ ಅತ್ಲಾಗ! ಸಿರುಗುಪ್ಪಕ್ಕ ಹೋಗೋ ಜೀಪ್ ನಿಂತೈತಿ!" ಸಾಹೇಬರು ಗೋಡೆ ಕಡೆಗೆ ಹೊರಟೇಬಿಟ್ಟರು.

"ಒಬ್ಬಂದು ಕೆಟ್ರ ಎಲ್ಲಾರ್ದೂ ಯಾಕ ಕೆಡಸ್ತೀರಿ ಸಾಹೇಬ್ರ? ತಡೀರಿ." ಮೇಡಮ್ ನಮ್ಮ ಕಡೆ ಬೆನ್ನು ಮಾಡಿ ಕೂತು ಪಟ್ಟಿ ತೆಗೆದರು. ಕುರುಗೋಡಿನ ಪರದೆಯ ನಂಬರನ್ನೂ ಊರನ್ನೂ ಜೋರಾಗಿ ಓದಿದರು. "ಯಾರ್ದಿದು?"

ಅಲ್ಲೇ ಇತ್ತು ಎಡವಟ್ಟು. ಆ ದಿನ ಕುರುಗೋಡಿನ ಪರದೆ ಮುಂದೆ ಕೂತಿದ್ದವನು ನಾನು. ಅಲ್ಲಿ ಬಿಸಿಲು ನೇರ ಮೋರೆಗೆ ಹೊಡೆಯುತ್ತಿತ್ತು. "ಇವತ್ತೊಂದಿನ ಲೇ" ಅಂತ ಗೋಗರೆದು ಕುರುಗೋಡಿನವನು ಫ್ಯಾನಿನ ಕೆಳಗಿನ ನನ್ನ ಸಿರುಗುಪ್ಪದ ಜಾಗಕ್ಕೆ ಬಂದಿದ್ದ. ಮೇಡಮ್ ಓದಿದ್ದು ನನ್ನ ಪ್ರೋಗ್ರಾಮಿನ ನಂಬರು. ಸಾಹೇಬರು ತಲೆ ಮೇಲೇ ನಿಂತಿದ್ದರು, ಜಾಗ ಬದಲಿಸಿದ್ದನ್ನು ಹೇಗೆ ಹೇಳಲಿ. ಅವನು ರೂಢಿಯಂತೆ ಕೂಗಿಬಿಟ್ಟ: "ನಂದು ಮೇಡಮ್!"

ಬೆರಳು ಗುಂಡಿಗೆ ತಾಗಿತ್ತು... ತಾಗಿದ್ದು ಅಲ್ಲೇ ನಿಂತಿತು. ದನಿ ಬಂದ ದಿಕ್ಕಿಗೆ ಅವರು ಮೆಲ್ಲಗೆ ತಿರುಗಿದರು.

"ಏಮಪ್ಪಾ ಕುರುಗೋಡು, ಸಿರುಗುಪ್ಪದಾಗ ಏನ್ ಮಾಡಾಕತ್ತೀ?"

"ಫ್ಯಾನ್ ಮೇಡಮ್..."

ಇಡೀ ಕಚೇರಿಯೇ ನಕ್ಕಿತು. ನಾನು ನಗಲಿಲ್ಲ. ಆ ಗುಂಡಿ ಒತ್ತಿದ್ದರೆ ಹೋಗುತ್ತಿದ್ದದ್ದು ನನ್ನ ಯಾದಿ.

ಸರಿಯಾದ ನಂಬರಿಗೆ, ಅಂದರೆ ಸಿರುಗುಪ್ಪದ ಪರದೆಯದಕ್ಕೆ, ಮೊದಲು ಬರೇ ಕಿಲ್ ಕೊಟ್ಟರು. ಕಾದರು. ಜಗ್ಗಲಿಲ್ಲ. "ಮರ್ಯಾದಿಲೇ ಹೇಳ್ದೆ ಕೇಳ್ಲಿಲ್ಲ" ಅಂತ ಒಂಬತ್ತು ಹಚ್ಚಿದರು. ಕಡತ ಬಿಟ್ಟಿತು, ನನ್ನ ಯಾದಿ ಉಳಿಯಿತು. ಪ್ರಿಂಟರು ಕಿರುಗುಟ್ಟುತ್ತ ಅದನ್ನು ಹೊರಹಾಕಿತು, ಜೀಪು ಹೊರಟಿತು.

"ಇಬ್ಬರಿಗೂ ಮೆಮೊ ಕೊಡ್ತೀನಿ" ಅಂದರು ಸಾಹೇಬರು.

"ಮೊದ್ಲು ಇನ್ನೊಂದು ಫ್ಯಾನ್ ಕೊಡ್ರಿ ಸಾಹೇಬ್ರ, ಮೆಮೊ ಆಮ್ಯಾಲೆ ಕೊಡೀರಂತ" ಅಂದರು ಮೇಡಮ್. ಮೆಮೊ ಬರಲಿಲ್ಲ. ಫ್ಯಾನೂ ಬರಲಿಲ್ಲ.

ಮುಂದೆ ಲಿನಕ್ಸ್ ಬಂತು. ಅದರಲ್ಲೂ ಅದೇ ಪಿಎಸ್, ಅದೇ ಕಿಲ್. ಮೇಡಮ್ ಅಷ್ಟರಲ್ಲಿ ವರ್ಗವಾಗಿ ಹೋಗಿದ್ದರು. ನಾನು ಖಾಯಂ ಆದೆ, ಅಲ್ಲೇ ದುಡಿದು ಈಚೆಗೆ ನಿವೃತ್ತನೂ ಆದೆ. ಇದನ್ನೆಲ್ಲ ಮೇಡಮ್‌ಗೆ ಹೇಳಬೇಕು ಅನ್ನಿಸಿ, ಗುಜರಿ ಅಂಗಡಿಯಿಂದ ಬಂದ ಸಂಜೆ ಕುರುಗೋಡಿನವನಿಗೆ ಫೋನು ಮಾಡಿ ಅವರ ನಂಬರು ಕೇಳಿದೆ.

"ನಿನಗ ಗೊತ್ತಿಲ್ಲೇನಲೇ?" ಅಂದ. "ಮೇಡಮ್ ತೀರಿ ಹೋಗಿ ವರ್ಷದ ಮ್ಯಾಲಾತು..."

ಮರುದಿನ ಕೌಲ್ ಬಜಾರಿಗೆ ಹೋಗಿ ಆ ಕೀಬೋರ್ಡ್ ಕೊಂಡು ತಂದೆ.