ತಂಗಿಯೆಂಬ ಗಿರಾಕಿ

ಕೇಪ್‌ಟೌನಿನ ದರ್ಜಿ ಡೋರೀನ್ ಅಪೊಲಿಸ್‌ಗೆ ಇದ್ದವಳು ಒಬ್ಬಳೇ ತಂಗಿ, ಐರಿಸ್. ಅಕ್ಕನಿಗೆ ಅಮ್ಮನ ಕಂದು ಬಣ್ಣ, ಸುರುಳಿಗೂದಲು ಬಂದರೆ, ತಂಗಿಗೆ ಯಾವ ಮುತ್ತಜ್ಜನಿಂದಲೋ ಬಿಳಿ ಮೈ, ನೇರ ಕೂದಲು ಬಂತು. ಬೇರೆ ಕಡೆಯಾಗಿದ್ದರೆ ನೆಂಟರು ಆಡಿಕೊಂಡು ಸುಮ್ಮನಾಗುತ್ತಿದ್ದರು. ನಮ್ಮಲ್ಲಿ ಸರ್ಕಾರವೇ ತಲೆಹಾಕಿ, ಬಿಳಿಯರು, ಬಣ್ಣದವರು ಎಂದು ಜನರನ್ನು ಬೇರೆಬೇರೆ ಪಟ್ಟಿಗೆ ಸೇರಿಸುವ, ಪಟ್ಟಿ ದಾಟಿ ಮದುವೆಯಾಗದಂತೆ ತಡೆಯುವ ಕಾನೂನು ತಂದಿತು. ರೈಲ್ವೆಯ ಬಿಳಿಯ ಹುಡುಗನನ್ನು ಮೆಚ್ಚಿದ ಐರಿಸ್, ಕಚೇರಿಗೆ ಹೋಗಿ ಕೂದಲು, ಉಗುರು ತೋರಿಸಿ, ಬಿಳಿಯಳೆಂದು ಮೊಹರು ಹಾಕಿಸಿಕೊಂಡು ಬಂದಳು. ಅಂದಿನಿಂದ ಅಕ್ಕತಂಗಿ ಒಂದೇ ಬೆಂಚಿನಲ್ಲಿ ಕೂರುವುದೂ ಅಪರಾಧವಾಯಿತು.

ಇಂಥ ಮನೆಗಳಲ್ಲಿ ಆಗ ಒಂದು ಕಟ್ಟಳೆಯಿತ್ತು. ಬಿಳಿಯರೊಳಗೆ ಸೇರಿಹೋದ ನೆಂಟರು ಬೀದಿಯಲ್ಲಿ ಎದುರಾದರೆ ಗುರುತು ತೋರಿಸಬಾರದು. ಒಂದು ಮುಗುಳ್ನಗೆ ಸಾಕು, ಅವರ ಮನೆ, ಗಂಡನ ಕೆಲಸ, ಮಕ್ಕಳ ಶಾಲೆ ಎಲ್ಲಕ್ಕೂ ಸಂಚಕಾರ. ಅಮ್ಮ ಇದನ್ನು ಡೋರೀನಳಿಗೆ ಅರೆದು ಕುಡಿಸಿದ್ದಳು.

"ಅವಳು ಎದುರಿಗೆ ಬಂದ್ರೆ ಅಂಗಡಿ ಕಡೆ ನೋಡು, ಬೂಟು ಕಟ್ಕೋ, ಏನಾದ್ರೂ ಮಾಡು. ಮುಖ ಮಾತ್ರ ನೋಡ್ಬೇಡ."

ಐರಿಸ್ ತವರಿಗೆ ಬರುತ್ತಿದ್ದುದು ಹಿತ್ತಿಲ ಬಾಗಿಲಿನಿಂದ, ಕೈಯಲ್ಲೊಂದು ಲಂಗ ಹಿಡಿದು, ಗಿರಾಕಿಯ ಸೋಗಿನಲ್ಲಿ. ಅಮ್ಮನೂ ದರ್ಜಿಯೇ. ಟೇಪು ಹಿಡಿದು ಮಗಳ ಭುಜ, ತೋಳು, ಸೊಂಟ ಮತ್ತೆ ಮತ್ತೆ ಅಳೆಯುತ್ತಿದ್ದಳು. ಮುಟ್ಟಲು ಅದೊಂದೇ ನೆಪ. ಆಮೇಲೆ ಇವರಿದ್ದ ಡಿಸ್ಟ್ರಿಕ್ಟ್ ಸಿಕ್ಸ್ ಬಡಾವಣೆಯೇ ಬಿಳಿಯರದೆಂದು ಬುಲ್ಡೋಜರ್ ಹಾಯಿಸಿ, ಇವರನ್ನು ಊರಾಚೆಯ ಮರಳು ಬಯಲಿಗೆ ಅಟ್ಟಿದರು. ಗಿರಾಕಿ ಅಲ್ಲಿಗೂ ಬಂದಳು.

ಕೊನೆಗೊಮ್ಮೆ ಆ ಹಾಳು ಕಾನೂನು ಸತ್ತಿತು, ಹೊಸ ಬಾವುಟ ಹಾರಿತು. ಐರಿಸ್ ಮಾತ್ರ ಹಿತ್ತಿಲ ಬಾಗಿಲನ್ನು ಬಿಡಲಿಲ್ಲ. ಗಂಡ ತೀರಿಕೊಂಡ ಮೇಲೂ ಬಿಡಲಿಲ್ಲ. ಅಮ್ಮನ ಅಂತ್ಯಕ್ರಿಯೆಯ ದಿನ ಚರ್ಚಿನ ಕೊನೆಯ ಸಾಲಿನಲ್ಲಿ ಕೂತು, ಪಕ್ಕದವರಿಗೆ "ನನ್ನ ಬಟ್ಟೆ ಹೊಲೀತಿದ್ರು" ಎಂದಳು. ಡೋರೀನಳಿಗೆ ಮೈಯೆಲ್ಲ ಉರಿದುಹೋಯಿತು.

"ಇನ್ನೂ ಯಾರಿಗೆ ಹೆದರ್ತೀಯೇ? ಪೊಲೀಸ್ನೋನೇ ಈಗ ನಮ್ಮ ಬೀದಿ ಹುಡುಗ!"

"ಮಕ್ಕಳಿಗೆ ಏನಂತ ಹೇಳ್ಲಿ ಅಕ್ಕಾ? ಇಷ್ಟು ವರ್ಷ ಸುಳ್ಳು ಹೇಳಿದೆ ಅಂತಲಾ?"

"ಹೂಂ, ಹಾಗೇ ಹೇಳು. ನಿನ್ನ ಮನೆಯೋರ ಮುಂದೆ ಒಂದ್ಸಲ ಅಕ್ಕ ಅಂತ ಕರಿ. ಅಲ್ಲೀತನಕ ನನ್ನ ಮನೆ ಬಾಗಿಲು ತುಳೀಬೇಡ."

ಐರಿಸ್ ತುಳಿಯಲಿಲ್ಲ. ತಿಂಗಳುಗಳು ಹೋದವು. ಡೋರೀನಳ ಸಿಟ್ಟು ಇಳಿದು ದಿಗಿಲಾಯಿತು. ಇದ್ದೊಬ್ಬ ತಂಗಿಯನ್ನೂ ತನ್ನ ಬಾಯಿಂದಲೇ ಕಳೆದುಕೊಂಡೆನಲ್ಲ ಎಂದು ಹೊಲಿಗೆ ಮಿಷನ್ನಿನ ಮುಂದೆ ಕೂತು ಅತ್ತಳು.

ಒಂದು ಶನಿವಾರ ಪರೇಡ್ ಮೈದಾನದ ಸಂತೆಯಲ್ಲಿ ಐರಿಸ್ ಎದುರಿಗೇ ಬಂದಳು, ಮೊಮ್ಮಗಳ ಕೈ ಹಿಡಿದುಕೊಂಡು. ಡೋರೀನಳನ್ನು ಕಂಡು ನಿಂತಳು. ಮುಖ ಕೆಂಪಾಯಿತು. ಉಸಿರೆಳೆದುಕೊಂಡು, ನಾಲ್ಕು ಜನಕ್ಕೆ ಕೇಳುವ ಹಾಗೆ ಕೂಗಿದಳು.

"ಡೋರೀನಕ್ಕಾ!"

ಡೋರೀನ್ ಮಾಡಿದ್ದೇನು? ಮೀನಂಗಡಿಯ ಕಡೆ ಮುಖ ತಿರುಗಿಸಿ ಸರಸರನೆ ದಾಟಿಹೋದಳು! ಬೇಕೆಂದು ಮಾಡಿದ್ದಲ್ಲ. ಕತ್ತು ತಾನಾಗಿ ಹೊರಳಿತ್ತು, ಕಾಲು ತಾನಾಗಿ ನಡೆದಿತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ, ಸರ್ಕಾರ ಕಲಿಸಿದ ಗುಣವೂ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ಬುದ್ಧಿ ಬಂದದ್ದೇ, ತನ್ನನ್ನು ತಾನೇ ಬೈದುಕೊಳ್ಳುತ್ತಾ ಹಿಂದಕ್ಕೆ ಓಡಿದಳು.

"ಯಾರಜ್ಜಿ ಅವ್ರು?" ಎಂದು ಮೊಮ್ಮಗಳು ಕೇಳುತ್ತಿದ್ದಳು.

"ಯಾರೂ ಅಲ್ಲ ಮರಿ," ಎಂದಳು ಐರಿಸ್. "ಗುರುತಿನೋರು ಅನ್ಕೊಂಡೆ."

"ಯಾರೂ ಅಲ್ವಾ?" ಡೋರೀನಳ ಕೂಗಿಗೆ ಮೀನಿನವನ ಕತ್ತಿ ಅರ್ಧದಲ್ಲೇ ನಿಂತಿತು. "ನಿಮ್ಮಜ್ಜಿಯ ಒಡಹುಟ್ಟಿದ ಅಕ್ಕ ಕಣಮ್ಮಾ ನಾನು! ಒಂದೇ ಹೊಟ್ಟೇಲಿ ಹುಟ್ಟಿ, ಒಂದೇ ಹಾಸಿಗೇಲಿ ಮಲಗಿದೋರು! ಇವಳ ಸಿಂಬಳ ಒರೆಸಿದ ಕೈ ಇದು, ನೋಡು!"

ಐರಿಸ್ ಅಳುತ್ತಲೇ ಆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಮೆಲ್ಲಗೆ ಅಕ್ಕಾ, ಜನ ನೋಡ್ತಾರೆ."

"ನೋಡ್ಲಿ ಅಂತಲೇ ಕಣೇ ಕೂಗ್ತಿರೋದು!"