ಮಾತು ಕೇಳಿಸಿಕೊಂಡ ಗೂಬೆ

ನಮ್ಮ ಬೀದಿಯವರಿಗೆ ಆಕೆ ಗೂಬೆಯಕ್ಕ. ಹಗಲು ದರ್ಜಿ ಅಂಗಡಿ, ಉಳಿದ ಹೊತ್ತೆಲ್ಲ ಮಹಡಿಯ ಕೋಣೆಯಲ್ಲಿ ಗಾಯಗೊಂಡ ಗೂಬೆಗಳ ಆರೈಕೆ. ಯಾರ ಮನೆಯ ಮಗು ಕೆಮ್ಮಿದರೂ, ಯಾರ ಮಗಳ ಸಂಬಂಧ ಮುರಿದರೂ ಬೀದಿಯವರು ಆಕೆಯ ತಲೆಯ ಮೇಲೇ ಗೂಬೆ ಕೂರಿಸುತ್ತಿದ್ದರು.

"ಕೂರಿಸ್ಲಿ ಬಿಡಿ, ಅದಕ್ಕೂ ಪಟ್ಟಿ ಕಟ್ಟಿ ಹಾರಿಸ್ತೀನಿ" ಎಂದು ನಗುತ್ತಿದ್ದಳು. ಇಂಥ ಬೀದಿಗೆ ಅಷ್ಟು ನಗುವೇ ಹೆಚ್ಚಾಯಿತು.

ಆ ಕೋಣೆಯಲ್ಲಿ ಯಾರೂ ತುಟಿಪಿಟಕ್ ಎನ್ನುವಂತಿರಲಿಲ್ಲ. ಆಕೆ ಮುಖಕ್ಕೆ ಬಟ್ಟೆ ಸುತ್ತಿಕೊಂಡು ಹೋಗಿ, ಚಿಮಟದಲ್ಲಿ ಮಾಂಸದ ಚೂರು ತಿನ್ನಿಸಿ, ಸದ್ದಿಲ್ಲದೆ ಇಳಿದು ಬರುತ್ತಿದ್ದಳು. ಮನುಷ್ಯರ ದನಿಗೆ ಒಗ್ಗಿಕೊಂಡ ಹಕ್ಕಿ ಹೊರಗೆ ಬಾಳುವುದಿಲ್ಲ. ನಮ್ಮನ್ನು ಕಂಡರೆ ಅದಕ್ಕೆ ಹೆದರಿಕೆ ಇರಲೇಬೇಕು.

ಆಕೆಯ ಗಂಡ ನಿವೃತ್ತ ಬಸ್ ಕಂಡಕ್ಟರ್. ಜೀವಮಾನವಿಡೀ ಕೂಗಿ ಜನ ತುಂಬಿಸಿದ ಮನುಷ್ಯನ ಮಾತಿಗೆ ಮನೆಯಲ್ಲಿ ಕಿವಿಗೊಡುವವರೇ ಇರಲಿಲ್ಲ. ಮಾತು ತೆಗೆದರೆ ಆಕೆ, "ಇರ್ರೀ, ಬಂದೆ" ಎಂದು ಮಹಡಿ ಹತ್ತುತ್ತಿದ್ದಳು.

ಈ ಸಲ ಬಂದದ್ದು ಗೂಡಿನಿಂದ ಬಿದ್ದು ರೆಕ್ಕೆ ಮುರಿದುಕೊಂಡ ಮರಿ. ಮೂಳೆ ಕೂಡಿಕೊಂಡಿತು, ಗಂಟೊಂದು ಉಳಿಯಿತು. ಚೆನ್ನಾಗಿ ಹಾರುವುದನ್ನೂ ಬೇಟೆಯಾಡುವುದನ್ನೂ ಕಲಿತ ಮೇಲೆ ಊರಾಚೆಯ ತೋಪಿನಲ್ಲಿ ಬಿಟ್ಟು ಬಂದಳು. ಅವತ್ತು ಆಕೆಯ ಮುಖ ನೋಡಬೇಕಿತ್ತು.

ಕೆಲವು ದಿನಗಳ ನಂತರ, ಮುಸ್ಸಂಜೆಯಲ್ಲಿ ಬಸ್ ನಿಲ್ದಾಣದಲ್ಲಿ ಕಂಡಕ್ಟರೊಬ್ಬ "ಬನ್ನಿ ಬನ್ನಿ, ಜಾಗ ಇದೆ" ಎಂದು ಕೂಗುತ್ತಿದ್ದ. ಗೂಬೆಯೊಂದು ನೇರವಾಗಿ ಬಂದು ಅವನ ಹೆಗಲ ಮೇಲೆ ಕೂತು ಬಾಯಿ ತೆರೆಯಿತು. ಜನ ಕೊಡೆಗಳಲ್ಲಿ ಬಡಿದು ಕೊಂದರು. ಕೊಡೆ ಇಲ್ಲದವರು ಚಪ್ಪಲಿ ತೆಗೆದರು. ಎಂಥ ಶೂರರು!

ಸುದ್ದಿ ಕೇಳಿ ಓಡಿದ ಆಕೆ ರೆಕ್ಕೆಯ ಗಂಟು ಮುಟ್ಟಿ ನೋಡಿದಳು. ಸೆರಗಿನಲ್ಲಿ ಸುತ್ತಿ ಮನೆಗೆ ತಂದಳು.

"ರೀ, ಮಹಡಿಗೆ ಹೋಗ್ತಿದ್ರಾ?"

"ನೀನು ಅಂಗಡಿಗೆ ಹೋದ್ಮೇಲೆ ಹೋಗ್ತಿದ್ದೆ. ಬನ್ನಿ ಬನ್ನಿ ಅಂತ ಒಂದು ಚೂರು ತಿನ್ಸಿ, ನಾಲ್ಕು ಮಾತಾಡಿ ಬರ್ತಿದ್ದೆ."

"ನೀವೇ ಕೊಂದ್ರಿ ಅದನ್ನ."

"ಕತ್ತು ತಿರುಗಿಸಿ ತಿರುಗಿಸಿ ಕೇಳಿಸ್ಕೊಳ್ತಿತ್ತು ಕಣೇ" ಎಂದ ಆತ. "ನೀನು ಯಾವತ್ತು ಕೇಳಿಸ್ಕೊಂಡೆ?"

ಈಗ ಮಹಡಿಯಲ್ಲಿ ಇನ್ನೊಂದು ಗೂಬೆಯಿದೆ, ಬಾಗಿಲಿಗೆ ಬೀಗವಿದೆ. ಆತ ಮೆಟ್ಟಿಲ ಮೇಲೆ ಕೂತಿರುತ್ತಾನೆ. ನಾವು ಮಾತಾಡಿಸಿದರೆ ತುಟಿಯ ಮೇಲೆ ಬೆರಳಿಟ್ಟು, ಮೇಲಿನ ಬಾಗಿಲು ತೋರಿಸುತ್ತಾನೆ.